ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಮತ ಎಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಾಷ್ಟ್ರಪತಿ ಚುನಾವಣೆ ಬಂದಾಗಲೆಲ್ಲ ಟಿವಿಯಲ್ಲಿ ಲಕ್ಷಗಟ್ಟಲೆ ಮತಗಳ ಲೆಕ್ಕ ಓಡುತ್ತಿರುತ್ತದೆ. ಮತ ಹಾಕಿದವರನ್ನು ಎಣಿಸಿದರೆ ಐದು ಸಾವಿರ ಜನರೂ ಇಲ್ಲ. ಹಾಗಾದರೆ ಈ ಲಕ್ಷಗಳು ಎಲ್ಲಿಂದ ಬಂದವು, ನಮ್ಮನ್ನು ಯಾರೂ ಬೂತಿಗೆ ಕರೆಯಲೇ ಇಲ್ಲವಲ್ಲ ಅಂತ ತುಂಬಾ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಶಾಲೆಯಲ್ಲಿ ಪರೀಕ್ಷೆಗೆ ಬೇಕು ಅಂತ ಸೂತ್ರ ಬಾಯಿಪಾಠ ಮಾಡಿಸುತ್ತಾರೆ, ಆ ಸೂತ್ರದೊಳಗೆ ನಾವೇ ಇದ್ದೇವೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ.

ಮತ ಹಾಕುವವರು ಯಾರು?

ಗೆದ್ದು ಬಂದ ಸಂಸದರು, ಗೆದ್ದು ಬಂದ ಶಾಸಕರು. ಅಷ್ಟೇ. ಸಂವಿಧಾನದ 54ನೇ ವಿಧಿ ಹೇಳುವುದು ಇದನ್ನೇ. ಲೋಕಸಭೆ, ರಾಜ್ಯಸಭೆ ಎರಡರ ಸದಸ್ಯರೂ ಇದ್ದಾರೆ, ಎಲ್ಲ ರಾಜ್ಯಗಳ ವಿಧಾನಸಭೆಗಳೂ ಇವೆ. 70ನೇ ತಿದ್ದುಪಡಿಯ ನಂತರ ದೆಹಲಿ ಮತ್ತು ಪುದುಚೇರಿಯ ಶಾಸಕರೂ ಸೇರಿಕೊಂಡರು. ಇವರೆಲ್ಲರನ್ನೂ ಒಟ್ಟಿಗೆ ಎಲೆಕ್ಟೋರಲ್ ಕಾಲೇಜ್ ಅನ್ನುತ್ತಾರೆ. ಓದುವ ಕಾಲೇಜಿಗೂ ಇದಕ್ಕೂ ಸಂಬಂಧ ಇಲ್ಲ, ಮತದಾರರ ಕೂಟ ಅಂದುಕೊಂಡರೆ ಸಾಕು.

'ಗೆದ್ದು ಬಂದ' ಅನ್ನುವ ಮಾತು ಇಲ್ಲಿ ಮುಖ್ಯ. ರಾಜ್ಯಸಭೆಗೆ ನಾಮನಿರ್ದೇಶನವಾಗಿ ಬರುವ 12 ಜನರಿಗೆ ಮತ ಇಲ್ಲ. ವಿಧಾನ ಪರಿಷತ್ ಸದಸ್ಯರಿಗೂ ಇಲ್ಲ. ಕರ್ನಾಟಕದಲ್ಲಿ 75 ಎಂಎಲ್‌ಸಿಗಳಿದ್ದಾರೆ, ಆದರೆ ಹೆಚ್ಚಿನ ರಾಜ್ಯಗಳಲ್ಲಿ ಪರಿಷತ್ತೇ ಇಲ್ಲ. ಇದ್ದ ಕಡೆ ಮಾತ್ರ ಮತ ಕೊಟ್ಟರೆ ಉಳಿದ ರಾಜ್ಯಗಳ ಲೆಕ್ಕ ತಪ್ಪುತ್ತದೆ ಅಲ್ವಾ? ಹಾಗಾಗಿ ಒಬ್ಬರು ಮುಖ್ಯಮಂತ್ರಿಯೇ ಆಗಿದ್ದರೂ, ಪರಿಷತ್ತಿನ ಸದಸ್ಯರಾಗಿದ್ದರೆ, ಅವರು ಈ ಚುನಾವಣೆಯಲ್ಲಿ ಮತ ಹಾಕುವ ಹಾಗಿಲ್ಲ.

ನಾವೇ ನೇರವಾಗಿ ಆರಿಸಿದ್ದರೆ ಏನಾಗುತ್ತಿತ್ತು?

ಈ ಪ್ರಶ್ನೆಯನ್ನು ಸಂವಿಧಾನ ರಚನಾ ಸಭೆಯಲ್ಲೇ ಕೇಳಿದ್ದರು. ಜನರೇ ನೇರವಾಗಿ ರಾಷ್ಟ್ರಪತಿಯನ್ನು ಆರಿಸಬೇಕು ಅಂತ ಪ್ರೊ. ಕೆ.ಟಿ. ಶಾ ವಾದ ಮಾಡಿದರು. ನೆಹರೂ ಒಪ್ಪಲಿಲ್ಲ. ನಮ್ಮಲ್ಲಿ ಆಡಳಿತ ನಡೆಸುವುದು ಪ್ರಧಾನಿ ಮತ್ತು ಮಂತ್ರಿಮಂಡಲ. ಇಡೀ ದೇಶದ ಜನ ಮತ ಹಾಕಿ ಒಬ್ಬರನ್ನು ಗೆಲ್ಲಿಸಿ, ಆಮೇಲೆ ಅವರಿಗೆ ನಿಜವಾದ ಅಧಿಕಾರ ಕೊಡದೆ ಕೂರಿಸುವುದು ಸರಿ ಕಾಣುವುದಿಲ್ಲ, ಖರ್ಚೂ ಶ್ರಮವೂ ವಿಪರೀತ ಅನ್ನುವುದು ಅವರ ಕಡೆಯ ವಾದ.

ಸ್ವಾರಸ್ಯ ಏನು ಗೊತ್ತಾ, 1952ರ ಮೊದಲ ರಾಷ್ಟ್ರಪತಿ ಚುನಾವಣೆಯಲ್ಲಿ ಬಾಬು ರಾಜೇಂದ್ರ ಪ್ರಸಾದ್ ಅವರ ಎದುರು ನಿಂತವರಲ್ಲಿ ಮುಖ್ಯರಾದವರು ಇದೇ ಕೆ.ಟಿ. ಶಾ. ತಾವು ಒಪ್ಪದ ಪದ್ಧತಿಯಲ್ಲೇ ಸ್ಪರ್ಧಿಸಿ ಸೋತರು. ಪ್ರಸಾದ್ ಅವರಿಗೆ 5,07,400, ಶಾ ಅವರಿಗೆ 92,827.

ನನಗೆ ನೆಹರೂ ವಾದ ಸರಿ ಅನ್ನಿಸುತ್ತದೆ. ಕೋಟ್ಯಂತರ ಜನರ ಮತ ಪಡೆದ ರಾಷ್ಟ್ರಪತಿ ಒಂದು ಕಡೆ, ಲೋಕಸಭೆಯ ಬಹುಮತ ಇರುವ ಪ್ರಧಾನಿ ಇನ್ನೊಂದು ಕಡೆ ನಿಂತು 'ಜನ ಆರಿಸಿದ್ದು ನನ್ನನ್ನು' ಅಂತ ಹಟಕ್ಕೆ ಬಿದ್ದರೆ ಬಿಡಿಸುವವರು ಯಾರು?

ನಮ್ಮ ಶಾಸಕರ ಒಂದು ಮತಕ್ಕೆ 131 ಅನ್ನುತ್ತಾರೆ. ಏನಿದು 131?

ಇಡೀ ಪದ್ಧತಿಯ ಜೀವ ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಶಾಸಕರೆಲ್ಲರ ಮತಕ್ಕೂ ಒಂದೇ ಬೆಲೆ ಕೊಟ್ಟರೆ ಸಣ್ಣ ರಾಜ್ಯಗಳಿಗೆ ಲಾಭ, ದೊಡ್ಡ ರಾಜ್ಯಗಳಿಗೆ ಅನ್ಯಾಯ. ಸಿಕ್ಕಿಂನಲ್ಲಿ ಕೆಲವೇ ಸಾವಿರ ಜನ ಸೇರಿ ಒಬ್ಬ ಶಾಸಕರನ್ನು ಆರಿಸುತ್ತಾರೆ, ನಮ್ಮಲ್ಲಿ ಲಕ್ಷದ ಮೇಲೆ ಜನ ಬೇಕು. ಅದಕ್ಕೆ ಶಾಸಕರ ಹಿಂದೆ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ಅವರ ಮತದ ಮೌಲ್ಯ ನಿಲ್ಲುತ್ತದೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1000ದಿಂದ ಭಾಗಿಸಬೇಕು. ಉಳಿಯುವ ಶೇಷ 500 ಅಥವಾ ಜಾಸ್ತಿ ಇದ್ದರೆ ಒಂದು ಸೇರಿಸಬೇಕು.

ಕರ್ನಾಟಕದ ಲೆಕ್ಕ ಮಾಡೋಣ. 1971ರ ಜನಗಣತಿಯಲ್ಲಿ ನಮ್ಮ ಜನಸಂಖ್ಯೆ 2,92,99,014. ಶಾಸಕರು 224. ಭಾಗಿಸಿದರೆ ಒಬ್ಬರಿಗೆ ಸುಮಾರು 1,30,799 ಜನ. ಸಾವಿರದಿಂದ ಭಾಗಿಸಿದರೆ 130.8, ಅಂದರೆ 131. ನಿಮ್ಮ ಕ್ಷೇತ್ರದ ಶಾಸಕರು ವಿಧಾನಸೌಧದಲ್ಲಿ ಮತಪತ್ರ ಹಾಕುವಾಗ ಪೆಟ್ಟಿಗೆಗೆ ಬೀಳುವುದು ಒಂದು ಚೀಟಿ, ಲೆಕ್ಕಕ್ಕೆ ಬರುವುದು 131. ಆ 131 ಅವರ ಸ್ವಂತದ್ದಲ್ಲ, ಜನರದ್ದು.

ಉತ್ತರ ಪ್ರದೇಶದ ಶಾಸಕರ ಮತ 208, ಇಡೀ ದೇಶದಲ್ಲಿ ಇದೇ ಜಾಸ್ತಿ. ತಮಿಳುನಾಡು 176, ಮಹಾರಾಷ್ಟ್ರ 175, ಕೇರಳ 152, ಗೋವಾ 20. ಸಿಕ್ಕಿಂ ಬರೀ 7. ಸಿಕ್ಕಿಂನ 32 ಶಾಸಕರೂ ಸೇರಿದರೆ 224 ಆಗುತ್ತದೆ. ನಮ್ಮ ಇಬ್ಬರು ಶಾಸಕರು ಸೇರಿದರೆ 262. ಅಂದರೆ ಆ ಕಡೆ ಇಡೀ ವಿಧಾನಸಭೆ, ಈ ಕಡೆ ಇಬ್ಬರು, ಆದರೂ ತಕ್ಕಡಿ ಈ ಕಡೆಗೇ ವಾಲುತ್ತದೆ.

ಐವತ್ತು ವರ್ಷದ ಹಿಂದಿನ ಜನಸಂಖ್ಯೆ ಯಾಕೆ?

ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಹಾಗೆ ಇಟ್ಟಿದ್ದಾರೆ. 1976ರ 42ನೇ ತಿದ್ದುಪಡಿಯಲ್ಲಿ 1971ರ ಅಂಕಿಯನ್ನು ಗಟ್ಟಿ ಮಾಡಿದರು, 2001ರ 84ನೇ ತಿದ್ದುಪಡಿಯಲ್ಲಿ ಅದನ್ನು ಮುಂದುವರಿಸಿದರು. 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಇದೇ ಲೆಕ್ಕ. ಕಾರಣ ಸರಳ. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಮಾಡಿದ ರಾಜ್ಯಗಳ ಜನಸಂಖ್ಯೆ ನಿಧಾನವಾಗಿ ಬೆಳೆಯಿತು, ಮಾಡದ ರಾಜ್ಯಗಳದ್ದು ಜೋರಾಗಿ ಬೆಳೆಯಿತು. ಹೊಸ ಅಂಕಿ ಹಾಕಿದರೆ ಕೆಲಸ ಮಾಡಿದವರಿಗೇ ಶಿಕ್ಷೆ.

ಎಷ್ಟು ವ್ಯತ್ಯಾಸ ಬರುತ್ತದೆ ಅಂತ 2011ರ ಜನಗಣತಿ ಇಟ್ಟುಕೊಂಡು ನಾನೇ ಲೆಕ್ಕ ಹಾಕಿ ನೋಡಿದೆ. ಉತ್ತರ ಪ್ರದೇಶದ ಶಾಸಕರ ಮತ 496ಕ್ಕೆ ಏರುತ್ತದೆ. ಕರ್ನಾಟಕದ್ದು 273 ಆಗುತ್ತದೆ, ಕೇರಳದ್ದು 239. ಎಲ್ಲರದ್ದೂ ಏರಿತಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಒಂದಕ್ಕೊಂದು ಹೋಲಿಸಿ ನೋಡಿ. ಈಗ ಕೇರಳದ 152ರ ಎದುರು ಯುಪಿಯ 208 ಇದೆ, ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಹೊಸ ಲೆಕ್ಕದಲ್ಲಿ ಅದು ಎರಡು ಪಟ್ಟು ದಾಟುತ್ತದೆ. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆ ಬಗ್ಗೆ ದಕ್ಷಿಣದ ರಾಜ್ಯಗಳಿಗೆ ಇರುವ ಆತಂಕದ ಇನ್ನೊಂದು ಮುಖ ಇದು. ಆದರೆ ಒಬ್ಬ ಮನುಷ್ಯನಿಗೆ ಒಂದೇ ತೂಕ ಇರಬೇಕು ಅನ್ನುವುದೂ ಸುಳ್ಳಲ್ಲ. ಎರಡೂ ಕಡೆ ನ್ಯಾಯ ಇದೆ, ಅದಕ್ಕೇ ಈ ವಿಷಯ ಇಷ್ಟು ಕಷ್ಟ.

ಸಂಸದರ ಮತಕ್ಕೆ ಎಷ್ಟು?

ದೇಶದ ಎಲ್ಲ ಶಾಸಕರ ಮತಗಳ ಮೌಲ್ಯವನ್ನು ಕೂಡಿಸಿ, ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಬರುವುದು. 2022ರಲ್ಲಿ ಶಾಸಕರ ಒಟ್ಟು ಮೌಲ್ಯ 5,43,231, ಸಂಸದರು 776, ಹಾಗಾಗಿ ತಲಾ 700. ಅದಕ್ಕೂ ಮೊದಲು 708 ಇತ್ತು, ಜಮ್ಮು ಕಾಶ್ಮೀರದಲ್ಲಿ ಆಗ ವಿಧಾನಸಭೆ ಇಲ್ಲದ ಕಾರಣ ಇಳಿಯಿತು. ಸಂಸತ್ತಿನ ತೂಕ ಮತ್ತು ರಾಜ್ಯಗಳ ತೂಕ ಹೆಚ್ಚುಕಡಿಮೆ ಸಮ ಇರಬೇಕು ಅನ್ನುವುದು ಉದ್ದೇಶ. ದೆಹಲಿಯಲ್ಲಿ ಬಹುಮತ ಇದ್ದ ಮಾತ್ರಕ್ಕೆ ರಾಷ್ಟ್ರಪತಿ ಭವನವೂ ಕೈಗೆ ಬರಬಾರದು, ರಾಜ್ಯಗಳೂ ಜೊತೆಗಿರಬೇಕು.

ಹಾಗಾದರೆ ನಾನು ಹಾಕಿದ ಮತ ಇದರಲ್ಲಿ ಎಲ್ಲಿದೆ?

ಮೂರು ದಾರಿಯಲ್ಲಿ ಹೋಗುತ್ತದೆ. ವಿಧಾನಸಭೆಗೆ ನೀವು ಆರಿಸಿದ ಶಾಸಕರು 131ರ ಮತ ಹಾಕುತ್ತಾರೆ. ಲೋಕಸಭೆಗೆ ನೀವು ಆರಿಸಿದ ಸಂಸದರು 700ರ ಮತ ಹಾಕುತ್ತಾರೆ. ಮೂರನೆಯದನ್ನು ಜನ ಮರೆಯುತ್ತಾರೆ. ರಾಜ್ಯಸಭೆಗೆ ಸದಸ್ಯರನ್ನು ಕಳಿಸುವುದು ಇದೇ ಶಾಸಕರು, ಆ ಸದಸ್ಯರಿಗೂ ತಲಾ 700 ಇದೆ. ಅಂದರೆ ವಿಧಾನಸಭೆ ಚುನಾವಣೆಯ ದಿನ ನೀವು ಒತ್ತುವ ಒಂದು ಬಟನ್ ರಾಷ್ಟ್ರಪತಿಯವರೆಗೆ ಎರಡು ಸಲ ಹೋಗಿ ಮುಟ್ಟುತ್ತದೆ.

ಕರ್ನಾಟಕದ ಒಟ್ಟು ಲೆಕ್ಕ ಹೀಗೆ: 224 ಶಾಸಕರಿಂದ 29,344. 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರಿಂದ 28,000. ಕೂಡಿದರೆ 57,344. 2022ರಲ್ಲಿ ಇಡೀ ದೇಶದ ಮೊತ್ತ 10,86,431 ಇತ್ತು. ಅದರಲ್ಲಿ ನಮ್ಮದು ನೂರಕ್ಕೆ ಐದಕ್ಕಿಂತ ಸ್ವಲ್ಪ ಮೇಲೆ.

ಮತ ಹಾಕುವುದು ಹೇಗೆ? ಇವಿಎಂ ಇರುತ್ತದಾ?

ಇಲ್ಲ. ಮತಪತ್ರವೇ. ಸಂಸದರಿಗೆ ಹಸಿರು ಬಣ್ಣದ್ದು, ಶಾಸಕರಿಗೆ ಗುಲಾಬಿ ಬಣ್ಣದ್ದು. ಪಕ್ಷದ ಚಿಹ್ನೆ ಇರುವುದಿಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ತಮಗೆ ಬೇಕಾದ ಕ್ರಮದಲ್ಲಿ ಅಂಕಿ ಬರೆಯಬೇಕು. ನೀವು ಪದವೀಧರ ಕ್ಷೇತ್ರದಲ್ಲೋ ಶಿಕ್ಷಕರ ಕ್ಷೇತ್ರದಲ್ಲೋ ಮತ ಹಾಕಿದ್ದರೆ ಈ ಪ್ರಾಶಸ್ತ್ಯದ ಮತ ನಿಮಗೆ ಹೊಸದಲ್ಲ, ಅದೇ ಪದ್ಧತಿ.

1 ಬರೆಯಲೇಬೇಕು. ಉಳಿದದ್ದು ಅವರವರ ಇಷ್ಟ. ಟಿಕ್ ಹಾಕಿದರೆ, 'ಒಂದು' ಅಂತ ಅಕ್ಷರದಲ್ಲಿ ಬರೆದರೆ, ಕೆಳಗೆ ಸಹಿ ಮಾಡಿದರೆ ಮತ ಅಸಿಂಧು. ಅಂಕಿಯನ್ನು ಮಾತ್ರ ಯಾವ ಭಾರತೀಯ ಭಾಷೆಯಲ್ಲಾದರೂ ಬರೆಯಬಹುದು. ನಮ್ಮ ಶಾಸಕರು ಕನ್ನಡದಲ್ಲಿ ೧ ಅಂತ ಬರೆದರೂ ನಡೆಯುತ್ತದೆ. ಈ ನಿಯಮ ನನಗೆ ತುಂಬಾ ಇಷ್ಟ. ಬರೆಯುವುದು ಚುನಾವಣಾ ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಿಂದಲೇ ಆಗಬೇಕು, ಜೇಬಿನ ಪೆನ್ನು ತೆಗೆದರೆ ಮತ ಹೋಯಿತು.

ಇಷ್ಟೆಲ್ಲ ಹೇಳಿಕೊಟ್ಟರೂ 2022ರಲ್ಲಿ 53 ಮತಗಳು ಅಸಿಂಧುವಾದವು. ಅವುಗಳ ಮೌಲ್ಯ 15,397. ಒಂದು ಮತಪತ್ರ ಕೆಟ್ಟರೆ ಅದರ ಹಿಂದಿನ ಜನರ ಪಾಲೂ ಕೆಟ್ಟಿತು. ಕಾನೂನು ಮಾಡುವ ಕೆಲಸಕ್ಕೆ ಜನ ಕಳಿಸಿದವರು ಒಂದು ಅಂಕಿಯನ್ನು ಸರಿಯಾಗಿ ಬರೆಯಲಿಲ್ಲ ಅಂದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಗೆಲ್ಲಲು ಎಷ್ಟು ಬೇಕು? ಎರಡನೇ ಪ್ರಾಶಸ್ತ್ಯ ಯಾವಾಗ ಬೇಕಾಗುತ್ತದೆ?

ಸಿಂಧುವಾದ ಮತಗಳ ಒಟ್ಟು ಮೌಲ್ಯದ ಅರ್ಧ, ಅದರ ಮೇಲೆ ಒಂದು. ಬೇರೆಯವರಿಗಿಂತ ಜಾಸ್ತಿ ಬಂದರೆ ಸಾಲದು, ಅರ್ಧ ದಾಟಲೇಬೇಕು. 2022ರಲ್ಲಿ ದ್ರೌಪದಿ ಮುರ್ಮು ಅವರಿಗೆ 6,76,803, ಯಶವಂತ ಸಿನ್ಹಾ ಅವರಿಗೆ 3,80,177 ಬಂತು. ಮೊದಲ ಎಣಿಕೆಯಲ್ಲೇ ಮುಗಿಯಿತು.

ಯಾರೂ ಅರ್ಧ ದಾಟದಿದ್ದರೆ ಕೊನೆಯಲ್ಲಿರುವ ಅಭ್ಯರ್ಥಿಯನ್ನು ಕೈಬಿಟ್ಟು, ಅವರಿಗೆ 1 ಕೊಟ್ಟವರು 2 ಯಾರಿಗೆ ಕೊಟ್ಟಿದ್ದಾರೋ ಅವರಿಗೆ ಆ ಮತಗಳನ್ನು ಸೇರಿಸುತ್ತಾರೆ. ಯಾರಾದರೂ ಗೆರೆ ದಾಟುವವರೆಗೆ ಹೀಗೇ ನಡೆಯುತ್ತದೆ. ಇದು ನಿಜವಾಗಿ ಬೇಕಾಗಿದ್ದು ಒಂದೇ ಸಲ, 1969ರಲ್ಲಿ. ಆ ಕಥೆ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲಿ.

ಆ ವರ್ಷ ಮೇ ತಿಂಗಳಲ್ಲಿ ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ಸಿನ ಹಿರಿಯರು, ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ, ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿದರು. ಆಗ ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಕೆಲವು ವರ್ಷ ಮೊದಲು ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲ ಸಿ.ಡಿ. ದೇಶಮುಖ್ ಅವರಿಗೆ. ಮೊದಲ ಸುತ್ತಿನಲ್ಲಿ ರೆಡ್ಡಿ ಗೆಲ್ಲುವುದು ಕಷ್ಟ ಆಗಬಹುದು ಅಂತ ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ನಾಯಕರ ಬಳಿ ಮಾತಾಡಿ, ನಿಮ್ಮ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಕೊಡಿ ಅಂತ ಕೇಳಿದರು. ಇಂದಿರಾ ಅದನ್ನೇ ಹಿಡಿದುಕೊಂಡು, ಸದಸ್ಯರು ಆತ್ಮಸಾಕ್ಷಿಯಂತೆ ಮತ ಹಾಕಲಿ ಅಂದರು.

ಎಣಿಸಿದಾಗ ಗೆಲ್ಲಲು ಬೇಕಾಗಿದ್ದು 4,18,169. ಗಿರಿಯವರಿಗೆ ಮೊದಲ ಪ್ರಾಶಸ್ತ್ಯದಲ್ಲಿ 4,01,515. ರೆಡ್ಡಿಯವರಿಗೆ 3,13,548. ದೇಶಮುಖ್ ಅವರಿಗೆ 1,12,769. ಯಾರೂ ದಾಟಲಿಲ್ಲ. ಎರಡನೇ ಪ್ರಾಶಸ್ತ್ಯ ಸೇರಿಸಿದಾಗ ನಿಜಲಿಂಗಪ್ಪನವರ ಲೆಕ್ಕ ಸುಳ್ಳಾಗಲಿಲ್ಲ, ಕೈಬಿಟ್ಟ ಅಭ್ಯರ್ಥಿಗಳ ಕಡೆಯಿಂದ ರೆಡ್ಡಿಯವರಿಗೆ 90 ಸಾವಿರಕ್ಕೂ ಜಾಸ್ತಿ ಬಂತು, ಗಿರಿಯವರಿಗೆ 18 ಸಾವಿರ ಚಿಲ್ಲರೆ ಮಾತ್ರ. ಆದರೆ ಗಿರಿಯವರು ಮೊದಲೇ ಮುಂದಿದ್ದರು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಬೇಕಾದ್ದಕ್ಕಿಂತ ಬರೀ 1,908 ಜಾಸ್ತಿ. ಅದೇ ವರ್ಷ ನವೆಂಬರಿನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು.

ಪಕ್ಷ ಹೇಳಿದವರಿಗೇ ಮತ ಹಾಕಬೇಕಾ?

ಕಾನೂನಿನ ಪ್ರಕಾರ ಬೇಕಾಗಿಲ್ಲ. ಪಕ್ಷಗಳು ಇಲ್ಲಿ ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಅನ್ನುವ ಕಡ್ಡಾಯ ಆದೇಶ, ಕೊಡುವಂತಿಲ್ಲ, ಅಡ್ಡ ಮತ ಹಾಕಿದರೆ ಸದಸ್ಯತ್ವ ಹೋಗುವುದಿಲ್ಲ. ರಾಜ್ಯಸಭೆ ಚುನಾವಣೆಯಲ್ಲಿ ಶಾಸಕರು ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಇಲ್ಲಿ ತೋರಿಸುವಂತಿಲ್ಲ, ಇದು ಗುಪ್ತ ಮತದಾನ. ಎರಡನ್ನೂ ಒಂದೇ ಅಂದುಕೊಂಡು ಗೊಂದಲ ಆಗುವವರು ಬಹಳ ಜನ.

ಯಾರು ಬೇಕಾದರೂ ಸ್ಪರ್ಧಿಸಬಹುದಾ?

ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ನಿಲ್ಲುವ ಅರ್ಹತೆ ಇರಬೇಕು, ಸರ್ಕಾರದ ಲಾಭದಾಯಕ ಹುದ್ದೆಯಲ್ಲಿ ಇರಬಾರದು. ಇಷ್ಟು ಸಾಕು ಅನ್ನಿಸುತ್ತದೆ. ಆದರೆ ಮತದಾರರ ಕೂಟದ 50 ಜನ ಸೂಚಕರಾಗಿ, ಇನ್ನೂ 50 ಜನ ಅನುಮೋದಕರಾಗಿ ಸಹಿ ಹಾಕಬೇಕು, 15,000 ರೂಪಾಯಿ ಠೇವಣಿ ಇಡಬೇಕು. ಸುಮ್ನೆ ಹೆಸರಿಗಾಗಿ ನಿಲ್ಲುವವರು ಜಾಸ್ತಿಯಾದರು ಅಂತ ಈ ನಿಯಮ ಬಿಗಿಯಾಗುತ್ತಾ ಬಂತು. 1977ರಲ್ಲಿ 37 ಜನ ನಾಮಪತ್ರ ಹಾಕಿದ್ದರು, 36 ತಿರಸ್ಕೃತವಾಗಿ ಒಬ್ಬರೇ ಉಳಿದು ಅವಿರೋಧವಾಗಿ ಆಯ್ಕೆಯಾದರು. ಅವರು ಬೇರೆ ಯಾರೂ ಅಲ್ಲ, 1969ರಲ್ಲಿ ಸೋತಿದ್ದ ಅದೇ ಸಂಜೀವ ರೆಡ್ಡಿ.

ಮತಪೆಟ್ಟಿಗೆ ದೆಹಲಿಗೆ ಹೇಗೆ ಹೋಗುತ್ತದೆ?

ಅಧಿಕಾರಿಗಳು ಜೊತೆಯಲ್ಲೇ ಇಟ್ಟುಕೊಂಡು ವಿಮಾನದಲ್ಲಿ ಹೋಗುತ್ತಾರೆ. 2022ರಲ್ಲಿ ಪೆಟ್ಟಿಗೆಗೂ ಪ್ರತ್ಯೇಕ ಸೀಟು, 'ಮಿಸ್ಟರ್ ಬ್ಯಾಲಟ್ ಬಾಕ್ಸ್' ಅನ್ನುವ ಹೆಸರಿನಲ್ಲಿ ಪ್ರತ್ಯೇಕ ಟಿಕೆಟ್ ಇತ್ತು. ಲಗೇಜಿನ ಜೊತೆ ಕಳಿಸಲಿಲ್ಲ, ಕಣ್ಣೆದುರಿಗೇ ಇರಲಿ ಅಂತ.

ಅಮೆರಿಕದ್ದೂ ಇದೇ ಪದ್ಧತಿ ಅಲ್ವಾ?

ಹೆಸರು ಒಂದೇ, ಒಳಗೆ ಬೇರೆ. ಅಲ್ಲಿ ಜನ ಬೂತಿಗೆ ಹೋಗುತ್ತಾರೆ, ಆದರೆ ಅವರ ಮತ ಆರಿಸುವುದು ಆ ರಾಜ್ಯದ ಪ್ರತಿನಿಧಿ ಮತದಾರರನ್ನು. ಒಟ್ಟು 538 ಪ್ರತಿನಿಧಿಗಳು, 270 ಬಂದವರು ಅಧ್ಯಕ್ಷರು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಬೇರೆಲ್ಲ ರಾಜ್ಯಗಳಲ್ಲಿ ಒಂದು ಮತ ಜಾಸ್ತಿ ಬಂದವರಿಗೂ ಆ ರಾಜ್ಯದ ಎಲ್ಲ ಪ್ರತಿನಿಧಿಗಳು ಸಿಗುತ್ತಾರೆ. ಅದಕ್ಕೇ 2000ದಲ್ಲಿ ಅಲ್ ಗೋರ್, 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ ಜಾಸ್ತಿ ಜನರ ಮತ ಪಡೆದೂ ಸೋತರು. ನಮ್ಮಲ್ಲಿ ಒಂದು ರಾಜ್ಯದ ಮತಗಳು ಹಾಗೆ ಒಬ್ಬರಿಗೇ ಗಂಟು ಕಟ್ಟಿದಂತೆ ಹೋಗುವುದಿಲ್ಲ. 224 ಶಾಸಕರು 224 ಕಡೆ ನೋಡಬಹುದು.

ಯಾವುದೋ ರಾಜ್ಯದಲ್ಲಿ ವಿಧಾನಸಭೆ ವಿಸರ್ಜನೆ ಆಗಿದ್ದರೆ ಚುನಾವಣೆ ಮುಂದೆ ಹೋಗುತ್ತದಾ?

ಹೋಗುವುದಿಲ್ಲ. 1974ರಲ್ಲಿ ಗುಜರಾತ್ ವಿಧಾನಸಭೆ ಇರಲಿಲ್ಲ, ಆಗ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ರಾಷ್ಟ್ರಪತಿಯ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಲೇಬೇಕು ಅಂತ ಕೋರ್ಟ್ ಹೇಳಿತು. ಆ ರಾಜ್ಯದ ಜನರ ಪಾಲು ಮಾತ್ರ ಆ ಸಲ ಇರುವುದಿಲ್ಲ. ಅವಧಿಯ ನಡುವೆ ರಾಷ್ಟ್ರಪತಿ ತೀರಿಕೊಂಡರೆ ಆರು ತಿಂಗಳೊಳಗೆ ಚುನಾವಣೆ, ಅಲ್ಲಿಯವರೆಗೆ ಉಪರಾಷ್ಟ್ರಪತಿ ನೋಡಿಕೊಳ್ಳುತ್ತಾರೆ. 1977ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಆ ಹೊಣೆ ಹೊತ್ತವರು ನಮ್ಮ ಬಿ.ಡಿ. ಜತ್ತಿಯವರು.

ಉಪರಾಷ್ಟ್ರಪತಿಗೂ ಶಾಸಕರು ಮತ ಹಾಕುತ್ತಾರಾ?

ಇಲ್ಲ, ಸಂಸದರು ಮಾತ್ರ. ಅಲ್ಲಿ ನಾಮನಿರ್ದೇಶಿತರಿಗೂ ಮತ ಇದೆ, ಎಲ್ಲರದ್ದೂ ತಲಾ ಒಂದೇ.

ನಮ್ಮ ಶಾಸಕರು ಯಾರಿಗೆ ಹಾಕಿದರು ಅಂತ ನನಗೆ ತಿಳಿಯಬಹುದಾ?

ಅವರಾಗಿಯೇ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದೊಂದು ರಾಜ್ಯದಿಂದ ಯಾರಿಗೆ ಎಷ್ಟು ಮತ ಬಂತು ಅನ್ನುವುದು ಮಾತ್ರ ಹೊರಗೆ ಬರುತ್ತದೆ. ನನ್ನ ಹೆಸರಿನಲ್ಲಿ 131 ತೂಗಿದವರು ಆ ತೂಕವನ್ನು ಯಾವ ಕಡೆ ಇಟ್ಟರು ಅಂತ ಕೇಳುವ ಹಕ್ಕು ನನಗಿಲ್ಲವಾ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ನಮಗೆ ತೋರಿಸಿದರೆ ಪಕ್ಷದ ನಾಯಕರಿಗೂ ತೋರಿಸಿದ ಹಾಗೆ, ಆಮೇಲೆ ಆತ್ಮಸಾಕ್ಷಿಗೆ ಜಾಗ ಇರುವುದಿಲ್ಲ. 2022ರಲ್ಲಿ ಕೇರಳದ 140 ಶಾಸಕರಲ್ಲಿ ಬಿಜೆಪಿಯವರು ಒಬ್ಬರೂ ಇರಲಿಲ್ಲ, ಅಲ್ಲಿನ ಎರಡೂ ದೊಡ್ಡ ಕೂಟಗಳು ಯಶವಂತ ಸಿನ್ಹಾ ಅವರ ಪರ ಇದ್ದವು. ಎಣಿಕೆ ಮುಗಿದಾಗ ಆ ರಾಜ್ಯದ ಒಂದು ಮತಪತ್ರದಲ್ಲಿ 1 ಇದ್ದಿದ್ದು ದ್ರೌಪದಿ ಮುರ್ಮು ಅವರ ಹೆಸರಿನ ಮುಂದೆ. ಅದರ ಮೌಲ್ಯ 152. ಬರೆದವರ ಹೆಸರು ಆ ಚೀಟಿಯಲ್ಲಿ ಎಲ್ಲೂ ಇರಲಿಲ್ಲ.